ಮೂರು ದಿನದ ಮೇಷ್ಟರು

ನಮ್ಮ ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆ ಎರಡು ಬಗೆಯ ಮೇಷ್ಟರು ಪರಿಚಿತರು. ಒಬ್ಬರು ಸ್ಲೇಟು ಬಳಪದ ಮೇಷ್ಟರು, ಇನ್ನೊಬ್ಬರು ಹಾರ್ಮೋನಿಯಂ ಮೇಷ್ಟರು. ಮೊದಲನೆಯವರನ್ನು ಸರಕಾರ ಕಳುಹಿಸುತ್ತದೆ; ಎರಡನೆಯವರನ್ನು ಊರವರೇ ಹೋಗಿ ಕರೆತರುತ್ತಾರೆ. ಮೊದಲನೆಯವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಹುಡುಗರು ಮನೆಯೊಳಕ್ಕೆ ನುಸುಳುತ್ತಿದ್ದ ಕಾಲವೊಂದಿತ್ತು. ಎರಡನೆಯವರ ಪೆಟ್ಟಿಗೆ ಬಸ್ಸಿನಿಂದ ಇಳಿಯಿತೆಂದರೆ ಮನೆಯೊಳಗಿದ್ದವರೆಲ್ಲ ಬೀದಿಗೆ ಬರುತ್ತಿದ್ದರು.

ಬೆಂಗಳೂರಿಗೆ ಪಶ್ಚಿಮದಲ್ಲೂ ದಕ್ಷಿಣದಲ್ಲೂ ಹರಡಿಕೊಂಡಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಎರಡನೆಯ ಮೇಷ್ಟರ ಪರಂಪರೆ ಇನ್ನೂ ಅಳಿದಿಲ್ಲ. ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ೨೦೦೭ರಲ್ಲಿ ರಾಮನಗರ ಜಿಲ್ಲೆಯನ್ನು ಮಾಡಿದರು. ೨೦೨೫ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಾಯಿತು. ಜಿಲ್ಲೆಯ ಹೆಸರು ಏನೇ ಆಗಲಿ, ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಊರಿನ ಉತ್ಸಾಹಿಗಳು ಕೂಡಿ ‘ಕುರುಕ್ಷೇತ್ರ’ ಆಡಬೇಕೆಂದು ನಿಶ್ಚಯಿಸುವುದು ತಪ್ಪಿಲ್ಲ. ಕೃಷ್ಣನ ಪಾತ್ರಕ್ಕೆ ಇಷ್ಟು, ದುರ್ಯೋಧನನ ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕುತ್ತಾರೆ. ಮೇಷ್ಟರನ್ನು ಗೊತ್ತುಮಾಡುತ್ತಾರೆ. ಅವರು ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ, ಪ್ರತಿ ಸಂಜೆ ಹಾರ್ಮೋನಿಯಂ ಮುಂದೆ ಕುಳಿತು, ಹಗಲೆಲ್ಲ ನೇಗಿಲು ಹಿಡಿದ ಕೈಗಳಿಗೆ ಗದೆಯನ್ನೂ ಸಂತೆಯಲ್ಲಿ ಕೂಗಿ ಒರಟಾದ ಗಂಟಲಿಗೆ ಕಂದಪದ್ಯವನ್ನೂ ಒಗ್ಗಿಸುತ್ತಾರೆ. ನಾಟಕ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಮೇಷ್ಟರು ಮುಂದಿನ ಊರಿಗೆ ಹೊರಡುತ್ತಾರೆ. ಆದರೆ ಹಾಡು ಊರಿನಲ್ಲೇ ಉಳಿಯುತ್ತದೆ. ಮಾರನೆಯ ವರ್ಷ ಗದ್ದೆಯ ಬದುವಿನ ಮೇಲೆ ನಿಂತವನೊಬ್ಬ ಅದನ್ನು ಗುನುಗುತ್ತಾನೆ. ಅವನ ಮಗ ಅದನ್ನು ಕೇಳಿ ಕಲಿಯುತ್ತಾನೆ.

ಅದಕ್ಕೂ ಹಿಂದೆ, ಕೂಲಿಮಠಗಳ ಕಾಲದಲ್ಲಿ, ಈ ಇಬ್ಬರು ಮೇಷ್ಟರೂ ಒಬ್ಬರೇ ಆಗಿದ್ದುದುಂಟು. ಮರಳಿನ ಮೇಲೆ ಅಕ್ಷರ ತೀಡಿಸುತ್ತಿದ್ದ ಅಯ್ಯನವರೇ ಮಹಾನವಮಿ ಬಂದಾಗ ಮಕ್ಕಳಿಗೆ ಚೌಪದ ಹೇಳಿಕೊಟ್ಟು, ಕೋಲಾಟ ಕಲಿಸಿ, ಮನೆ ಮನೆಗೂ ಕರೆದೊಯ್ಯುತ್ತಿದ್ದರು. ಮನೆಯವರು ಕೊಟ್ಟ ಕಾಣಿಕೆ ಅಯ್ಯನವರ ಸಂಭಾವನೆ. ಅಲ್ಲಿ ಹಾಡಿಗೂ ಪಾಠಕ್ಕೂ ನಡುವೆ ಗೋಡೆಯಿರಲಿಲ್ಲ. ಆ ಪದ್ಧತಿಯಲ್ಲಿ ಬೆತ್ತದ ರುಚಿಯೂ ಸಾಕಷ್ಟು ಇತ್ತೆಂಬುದನ್ನು ಮರೆತು ಅದನ್ನು ಕೊಂಡಾಡುವುದು ಬೇಡ. ಆದರೂ ಮಗುವಿನ ಕಲಿಕೆಯಲ್ಲಿ ಕಾಲಿಗೂ ಕೊರಳಿಗೂ ಕೆಲಸವಿತ್ತು ಎಂಬ ಮಾತು ನಿಜ.

ಇಂದು ನಮ್ಮ ಹಳ್ಳಿಯ ಶಾಲೆಗಳಿಗೆ ಮೂರನೆಯ ಬಗೆಯ ಮೇಷ್ಟರೊಬ್ಬರು ಬರುತ್ತಿದ್ದಾರೆ. ಇವರು ಚಿತ್ರಕಾರರಾಗಿರಬಹುದು, ರಂಗನಟರಾಗಿರಬಹುದು, ಗೊಂಬೆಯಾಡಿಸುವವರು, ಹಾಡುಗಾರರು, ಕತೆ ಹೇಳುವವರು ಆಗಿರಬಹುದು. ಹೆಗಲಿಗೆ ಒಂದು ಜೋಳಿಗೆ, ಕೈಯಲ್ಲಿ ಒಂದು ಕಾಗದದ ಸುರುಳಿ. ಬೆಳಗಿನ ಬಸ್ಸಿಗೆ ಬಂದಿಳಿದು, ಮೂರು ದಿನವೋ ವಾರವೋ ಮಕ್ಕಳೊಡನೆ ಇದ್ದು, ಬರೆಯಿಸಿ, ಕುಣಿಸಿ, ಹಾಡಿಸಿ, ಮುಂದಿನ ಊರಿಗೆ ಹೋಗುತ್ತಾರೆ. ಇವರನ್ನು ನಾನು ‘ಮೂರು ದಿನದ ಮೇಷ್ಟರು’ ಎಂದು ಕರೆದರೆ ಅವರು ಬೇಸರಪಟ್ಟುಕೊಳ್ಳಲಾರರೆಂದು ನಂಬಿದ್ದೇನೆ. ಮೂರು ದಿನದಲ್ಲಿ ಏನಾದೀತು? ಅವರು ಹೋದ ಮೇಲೆ ಏನು ಉಳಿದೀತು? ಈ ಹೊತ್ತು ನಾವು ಆಲೋಚಿಸಬೇಕಾದ ವಿಷಯ ಇಷ್ಟೆ.

ಇಂಥವರು ಬರಬೇಕಾದ ಅಗತ್ಯವೇನು, ಶಾಲೆಯಲ್ಲಿ ಚಿತ್ರದ ಮೇಷ್ಟರು ಇಲ್ಲವೆ ಎಂದು ಪೇಟೆಯಲ್ಲಿರುವ ನೀವು ಕೇಳಬಹುದು. ದೊಡ್ಡ ಶಾಲೆಗಳಲ್ಲಿ ಇರಬಹುದು. ಚಿಕ್ಕ ಶಾಲೆಗಳ ಸ್ಥಿತಿ ಬೇರೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಬಂಧವನ್ನು ತೆರೆದು ನೋಡಿ. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳ ಸಂಖ್ಯೆ ೧೦೦ನ್ನು ಮೀರಿದ ಶಾಲೆಗೆ ಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವ ಇವುಗಳಿಗೆ ಅರೆಕಾಲಿಕ ಬೋಧಕರು ಇರಬೇಕೆಂದು ಅದು ಹೇಳುತ್ತದೆ. ಆ ಸಂಖ್ಯೆ ೧೦೦ನ್ನು ಮುಟ್ಟದಿದ್ದರೆ? ಕಾನೂನು ಮೌನವಾಗಿದೆ. ನಮ್ಮ ಎಷ್ಟೋ ಹಳ್ಳಿಯ ಶಾಲೆಗಳಲ್ಲಿ ಒಟ್ಟು ಮಕ್ಕಳೇ ನೂರಿಲ್ಲ; ಒಬ್ಬರೋ ಇಬ್ಬರೋ ಉಪಾಧ್ಯಾಯರು ಹಲವು ತರಗತಿಗಳನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಂಡು ನಡೆಸುತ್ತಾರೆ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಸಂಗೀತ, ನೃತ್ಯ, ಚಿತ್ರ, ನಾಟಕ ಈ ನಾಲ್ಕೂ ಹತ್ತನೆಯ ತರಗತಿಯವರೆಗೆ ಕಲಿಕೆಯ ಅಂಗವಾಗಿರಬೇಕೆಂದು ಸಾರಿತು. ಅಪ್ಪಣೆಯೇನೋ ಆಯಿತು, ಆದರೆ ಅದನ್ನು ನಡೆಸಿಕೊಡುವ ಕೈ ಅಂಥ ಶಾಲೆಗಳಲ್ಲಿ ಇಲ್ಲ. ಈ ಕೊರತೆಯ ಜಾಗದಲ್ಲಿಯೇ ಮೂರು ದಿನದ ಮೇಷ್ಟರು ಬಂದು ನಿಲ್ಲುವುದು. ಆ ಮಕ್ಕಳ ಪಾಲಿಗೆ ಬಣ್ಣದ ಮೇಷ್ಟರೂ ಅವರೇ, ಹಾಡಿನ ಮೇಷ್ಟರೂ ಅವರೇ, ಅದೂ ವರ್ಷಕ್ಕೊಮ್ಮೆ.

ಮಕ್ಕಳಿಗೆ ಕಲೆಯನ್ನು ಬಿಟ್ಟುಕೊಡಬೇಕು ಎಂಬ ಯೋಚನೆ ಲೋಕದಲ್ಲಿ ಬಹಳ ಹಳೆಯದೇನಲ್ಲ. ವಿಯೆನ್ನಾ ನಗರದಲ್ಲಿ ಫ್ರಾಂಜ್ ಚೀಜೆಕ್ ಎಂಬಾತ ೧೮೯೭ರಲ್ಲಿ ಮಕ್ಕಳಿಗಾಗಿ ಒಂದು ಚಿತ್ರಶಾಲೆ ತೆರೆದು, ದೊಡ್ಡವರ ಚಿತ್ರಗಳನ್ನು ನಕಲು ಮಾಡಿಸುವುದನ್ನು ನಿಲ್ಲಿಸಿ, ಮಕ್ಕಳು ತಮಗೆ ತೋರಿದಂತೆ ಬರೆಯಲಿ ಎಂದ. ನಮ್ಮಲ್ಲಿ ರವೀಂದ್ರರು ಶಾಂತಿನಿಕೇತನದಲ್ಲಿ ಹಾಡು ಬಣ್ಣಗಳನ್ನು ಪಾಠದ ನಡುವೆಯೇ ಇರಿಸಿದರು. ೧೯೩೭ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕಸುಬಿನ ಮೂಲಕವೇ ವಿದ್ಯೆ ಎಂದರು. ಕನ್ನಡನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಆಟ, ಕುಣಿತ, ನಾಟಕಗಳನ್ನೇ ಪಾಠವಾಗಿಸುವ ಪ್ರಯೋಗ ನಡೆಸಿದರು. ಇನ್ನೊಬ್ಬ ಕಾರಂತರು, ಬಿ. ವಿ. ಕಾರಂತರು, ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದವರು. ಊರೂರು ತಿರುಗುವ ಕಲಾವಿದರ ನಡುವೆ ಬೆಳೆದವರು. ಅವರ ಮಕ್ಕಳ ನಾಟಕ ‘ಪಂಜರಶಾಲೆ’ ರವೀಂದ್ರರ ಕತೆಯೊಂದನ್ನು ಆಧರಿಸಿದ್ದು. ಅರಸನೊಬ್ಬ ಗಿಳಿಗೆ ವಿದ್ಯೆ ಕಲಿಸಲು ಹೊರಡುತ್ತಾನೆ. ಚಿನ್ನದ ಪಂಜರ ಆಗುತ್ತದೆ, ಪುಸ್ತಕಗಳ ರಾಶಿ ಆಗುತ್ತದೆ, ಪಂಡಿತರಿಗೆ ಸಂಬಳ ಆಗುತ್ತದೆ. ಗಿಳಿ ಮಾತ್ರ ಬದುಕುವುದಿಲ್ಲ. ಅವರು ಕಟ್ಟಿದ ಮೈಸೂರಿನ ರಂಗಾಯಣದಲ್ಲಿ ಬೇಸಗೆಯ ‘ಚಿಣ್ಣರ ಮೇಳ’ ಬೆಳೆಯಿತು. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ‘ಬೆನಕ’ ಮಕ್ಕಳ ತಂಡವನ್ನು ಕಟ್ಟಿದರು. ಹೆಗ್ಗೋಡಿನ ನೀನಾಸಮ್ ೧೯೮೫ರಿಂದ ‘ತಿರುಗಾಟ’ವನ್ನು ಹೊರಡಿಸಿ, ನಾಟಕವು ಊರನ್ನು ಹುಡುಕಿಕೊಂಡು ಹೋಗುವಂತೆ ಮಾಡಿತು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಮೊಳೆತಾಗ ಕತೆ, ಹಾಡು, ಆಟಗಳು ಎಳೆಯ ತರಗತಿಗಳ ಪಾಠದೊಳಕ್ಕೇ ಬಂದವು.

ಇನ್ನು ನಮ್ಮ ನಾಲ್ಕು ಸೀಮೆಗಳಿಗೆ ಬರೋಣ. ರಾಮನಗರದ ಬಳಿ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಪಕ್ಕದಲ್ಲಿ, ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ತೆರೆದ ಜಾನಪದ ಲೋಕವಿದೆ. ಆಡಳಿತಾಧಿಕಾರಿಯಾಗಿದ್ದ ಗೌಡರು ನಿವೃತ್ತರಾಗಿ ಸುಮ್ಮನೆ ಕೂರಲಿಲ್ಲ. ೧೯೭೯ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿ, ಊರೂರು ಸುತ್ತಿ ಹಾಡು ಕತೆಗಳನ್ನು ಧ್ವನಿಮುದ್ರಿಸಿದರು. ಒನಕೆ, ಬೀಸುಕಲ್ಲು, ಮುಖವಾಡ, ತೊಗಲುಗೊಂಬೆಗಳನ್ನು ಹೊತ್ತು ತಂದು ಕೂಡಿಸಿದರು. ಅಲ್ಲಿಯ ಲೋಕಮಹಲಿನಲ್ಲಿ ಅವೆಲ್ಲ ಇವೆ, ಬಯಲು ರಂಗಮಂದಿರವಿದೆ, ಜನಪದ ಕಲೆಗಳ ತರಬೇತಿಯೂ ನಡೆದಿದೆ. ಶಾಲೆಯ ಮಕ್ಕಳು ಬಸ್ಸು ಮಾಡಿಕೊಂಡು ಬಂದು ನೋಡುತ್ತಾರೆ. ಇದು ಮಕ್ಕಳು ಕಲೆಯ ಬಳಿಗೆ ಹೋಗುವ ದಾರಿ.

ಕಲೆ ಮಕ್ಕಳ ಬಳಿಗೆ ಹೋಗುವ ದಾರಿಯೂ ಒಂದಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆ ‘ಕಲಿ-ಕಲಿಸು’ ಎಂಬ ಹೆಸರಿನಲ್ಲಿ ಕರ್ನಾಟಕದ ಸರಕಾರಿ ಶಾಲೆಗಳ ಉಪಾಧ್ಯಾಯರಿಗೂ, ಶಾಲೆಯೊಡನೆ ಕೆಲಸ ಮಾಡುವ ಕಲಾವಿದರಿಗೂ ನೆರವು ನೀಡುತ್ತ ಬಂದಿದೆ. ಶಾಲೆಯ ಸುತ್ತಣ ಊರಿನ ತಿಳಿವಳಿಕೆಯನ್ನು ಪಾಠದೊಳಕ್ಕೆ ತರುವುದು ಅದರ ಉದ್ದೇಶ. ಹೆಸರೇ ಚೆನ್ನಾಗಿದೆ. ಕಲಿಸಲು ಬಂದವನು ಮೊದಲು ಕಲಿಯಬೇಕು ಎಂಬ ಮಾತು ಅದರಲ್ಲಿ ಅಡಗಿದೆ.

ಏಕೆಂದರೆ, ಮೂರು ದಿನದ ಮೇಷ್ಟರು ತರುವುದೆಲ್ಲ ಜೋಳಿಗೆಯಲ್ಲಿ ಹಿಡಿಸುವಷ್ಟೇ. ಜೋಳಿಗೆ ಖಾಲಿಯಾದ ಮೇಲೂ ಪಾಠ ನಡೆಯಬೇಕಾದರೆ ಸಾಮಗ್ರಿ ಆ ಊರಿನದೇ ಆಗಬೇಕು. ಇದಕ್ಕೆ ಚನ್ನಪಟ್ಟಣದ ಗೊಂಬೆಗಿಂತ ಒಳ್ಳೆಯ ಸಾಕ್ಷಿ ಬೇಡ. ಟಿಪ್ಪು ಸುಲ್ತಾನನ ಕಾಲದಲ್ಲಿ ಪಾರಸಿಕ ದೇಶದಿಂದ ಕುಶಲಿಗಳನ್ನು ಕರೆಸಿ ಇಲ್ಲಿಯವರಿಗೆ ಅರಗಿನ ಕೆಲಸ ಕಲಿಸಿದರೆಂದು ಪ್ರತೀತಿ. ಅದು ನಿಜವಾದರೆ, ಚನ್ನಪಟ್ಟಣದ ಹೆಸರನ್ನು ಲೋಕಕ್ಕೆ ಸಾರಿದ ಆ ಕಲೆಯೂ ಹೊರಗಿನಿಂದ ಬಂದ ಮೇಷ್ಟರ ಕೊಡುಗೆಯೇ. ಬಂದವರು ಎಂದೋ ಹೋದರು. ಕಲೆ ಹೇಗೆ ಉಳಿಯಿತು? ಇಲ್ಲಿಯ ಆಲೆ ಮರ, ಕೆಲವರ ಬಾಯಲ್ಲಿ ಹಾಲೆ ಮರ, ಆ ಕೆಲಸಕ್ಕೆ ಒದಗಿತು. ಇಲ್ಲಿಯ ಕೈಗಳು ಅದನ್ನು ಹಿಡಿದವು. ಊರಿನ ಮರ, ಊರಿನ ಕೈ, ಇವೆರಡರಲ್ಲಿ ಒಂದು ತಪ್ಪಿದ್ದರೂ ಪಾರಸಿಕ ಮೇಷ್ಟರ ಪಾಠ ಅವರ ಹಿಂದೆಯೇ ಹೊರಟುಹೋಗುತ್ತಿತ್ತು.

ಆದುದರಿಂದ ಚನ್ನಪಟ್ಟಣದ ಸುತ್ತಿನ ಶಾಲೆಗೆ ಹೋಗುವ ಕಲಾವಿದ ಪ್ಲಾಸ್ಟಿಕ್ಕಿನ ಬಣ್ಣದ ಕಡ್ಡಿಗಳನ್ನು ಹಂಚುವ ಮೊದಲು ಪಕ್ಕದ ಬೀದಿಯ ಗೊಂಬೆಯ ಮನೆಗೆ ಮಕ್ಕಳನ್ನು ಕರೆದೊಯ್ಯಲಿ. ಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಎಲೆಯಿಂದ ಉಜ್ಜಿದರೆ ಮುಖ ಕಾಣುವಂಥ ಹೊಳಪು. ಘರ್ಷಣೆಯಿಂದ ಉಷ್ಣ ಹುಟ್ಟುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಹುಡುಗ ಅದನ್ನು ಅಲ್ಲಿ ಕಣ್ಣಾರೆ ಕಾಣುತ್ತಾನೆ. ಯಂತ್ರದ ಮುಂದೆ ಮಕ್ಕಳನ್ನು ಕೂರಿಸಬೇಕಾಗಿಲ್ಲ, ಅದು ಅಪಾಯ. ಅವರು ಗೊಂಬೆಯೊಂದನ್ನು ಕಾಗದದ ಮೇಲೆ ಬರೆದುಕೊಡಲಿ, ಕುಶಲಕರ್ಮಿ ಅದರಲ್ಲಿ ಒಂದನ್ನು ಕಡೆದು ತೋರಿಸಲಿ. ತನ್ನ ಮನಸ್ಸಿನಲ್ಲಿದ್ದುದು ಕೈಗೆ ಬಂದು ಕುಳಿತುದನ್ನು ಕಂಡ ಮಗು ಆ ದಿನವನ್ನು ಮರೆಯಲಾರದು. ಕುಶಲಕರ್ಮಿಗೂ ಇದರಿಂದ ಲಾಭವುಂಟು. ೨೦೨೩ರಲ್ಲಿ ಹೊಸ ಹೆದ್ದಾರಿ ಪೇಟೆಗಳನ್ನು ಬಳಸಿಕೊಂಡು ಹೋದ ಮೇಲೆ ಹಳೆಯ ರಸ್ತೆಯ ಗೊಂಬೆಯಂಗಡಿಗಳಿಗೆ ಗಿರಾಕಿಗಳು ಕಡಮೆಯಾದರು. ಅಂಥ ಕಾಲದಲ್ಲಿ ಊರಿನ ಮಕ್ಕಳು ಬಂದು, ‘ಇದನ್ನು ಹೇಗೆ ಮಾಡುತ್ತೀರಿ?’ ಎಂದು ಕೇಳುವುದು ಸಣ್ಣ ಮರ್ಯಾದೆಯಲ್ಲ.

ರಾಮನಗರದ ಕಡೆಯ ಶಾಲೆಯೆಂದರೆ ರೇಷ್ಮೆಯ ಮನೆಗಳ ಮಕ್ಕಳು. ದೊಡ್ಡ ಗೂಡಿನ ಮಾರುಕಟ್ಟೆಯ ಊರು ಅದು. ಚಾಕಿ ಹುಳುವಿನಿಂದ ಹಿಡಿದು ನಾಲ್ಕು ಜ್ವರ ದಾಟಿ ಹುಳು ಹಣ್ಣಾಗಿ ಚಂದ್ರಿಕೆಗೆ ಏರುವವರೆಗಿನ ಕತೆ ಆ ಮಕ್ಕಳಿಗೆ ಅಂಗೈಯ ರೇಖೆ. ಆ ಕತೆಯನ್ನೇ ನಾಟಕ ಮಾಡಿಸಲು ರಾಜಕುಮಾರನ ಕಿರೀಟ ಬೇಕಿಲ್ಲ, ಪರದೆ ಬೇಕಿಲ್ಲ. ಇಪ್ಪತ್ತು ಮಕ್ಕಳು ಹುಳುಗಳಾಗಿ ತಲೆಯಾಡಿಸುತ್ತ ಸೊಪ್ಪು ಮೇಯಲಿ, ಜ್ವರ ಬಂದಾಗ ತಲೆಯೆತ್ತಿ ಅಲುಗದೆ ನಿಲ್ಲಲಿ, ಎದ್ದು ಮತ್ತೆ ಮೇಯಲಿ. ಕೊನೆಗೆ ಒಂದೊಂದು ಹುಳುವೂ ಎಂಟರ ಅಂಕೆಯಂತೆ ತಲೆ ತಿರುಗಿಸುತ್ತ ನೂರಾರು ಮೀಟರು ಉದ್ದದ ಒಂದೇ ಎಳೆಯನ್ನು ನೂಲುವುದನ್ನು ಮೈಯಲ್ಲೇ ತೋರಿಸಲಿ. ಕೆಲಸ ಮಾಡಿ ಸೋತ ತಾಯಿತಂದೆಯರ ರಾತ್ರಿಗಳೂ ಆ ನಾಟಕದೊಳಕ್ಕೆ ತಾವಾಗಿ ಬರುತ್ತವೆ. ಬೆಲೆ ಬಿದ್ದ ದಿನದ ಮನೆಯ ಮೌನವೂ ಬರುತ್ತದೆ.

ಕನಕಪುರದ ದಕ್ಷಿಣದಲ್ಲಿ, ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದತ್ತ, ಕಾಡಿನಂಚಿನ ಹಳ್ಳಿಗಳಿವೆ. ‘ಆ’ ಎಂದರೆ ಆನೆ ಎಂದು ಪುಸ್ತಕದಲ್ಲಿ ಬರೆದಿರುವ ಆನೆಗೆ ಹಣೆಪಟ್ಟಿಯುಂಟು, ಅಂಬಾರಿಯುಂಟು. ಆ ಮಕ್ಕಳು ಬಲ್ಲ ಆನೆ ರಾತ್ರಿ ಹೊತ್ತು ರಾಗಿಯ ಹೊಲಕ್ಕೆ ನುಗ್ಗುವ ಆನೆ. ಕಲಾವಿದ ಕರಿಹಲಗೆಯ ಮೇಲೆ ತಾನೇ ಒಂದು ಆನೆ ಬರೆದು, ‘ಇದನ್ನು ನೋಡಿ ಬರೆಯಿರಿ’ ಎಂದರೆ ಮೂವತ್ತು ಮಕ್ಕಳು ಮೂವತ್ತು ಅಂಬಾರಿ ಆನೆಗಳನ್ನು ಬರೆಯುತ್ತಾರೆ. ‘ನೀವು ಕಂಡದ್ದನ್ನು ಬರೆಯಿರಿ’ ಎಂದರೆ ಒಂದು ಹಾಳೆಯಲ್ಲಿ ಬರಿಯ ಕಪ್ಪು ಬಣ್ಣವೂ ಅದರ ನಡುವೆ ಒಂದು ಟಾರ್ಚಿನ ಬೆಳಕೂ ಕಾಣಿಸಬಹುದು. ಎರಡನೆಯದೇ ಚಿತ್ರ.

ಮಾಗಡಿಯಲ್ಲಿ ಕೆಂಪೇಗೌಡರ ಕೋಟೆಯಿದೆ, ಸಾವನದುರ್ಗದ ಬಂಡೆಯಿದೆ, ರಂಗನಾಥನ ಗುಡಿಯಿದೆ, ಅವುಗಳ ಬಗ್ಗೆ ಮನೆಮನೆಯಲ್ಲೂ ಒಂದೊಂದು ಕತೆಯಿದೆ. ಅಲ್ಲಿ ಮೊದಲ ದಿನದ ಪಾಠವೆಂದರೆ ಮಕ್ಕಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಿಕೊಂಡು ಬರುವುದು. ಮರುದಿನ ಹಳೆಯ ಕಾಗದ, ಮೈದದ ಅಂಟುಗಳಲ್ಲಿ ಮುಖವಾಡಗಳು. ಈ ಸೀಮೆಯವರು ಬಲ್ಲ ಸೋಮನ ಕುಣಿತದ ದೊಡ್ಡ ಕಣ್ಣಿನ ಮುಖಗಳೇ ಮಾದರಿ. ಮೂರನೆಯ ದಿನ ಆ ಮುಖಗಳು ಅಜ್ಜಿಯರ ಕತೆಗಳನ್ನು ಹೇಳುತ್ತವೆ. ತಾನು ಹೇಳಿದ ಕತೆ ಶಾಲೆಯ ಅಂಗಳದಲ್ಲಿ ನಡೆಯುವುದನ್ನು ಅಜ್ಜಿ ಬಂದು ನೋಡಿದರೆ, ಶಾಲೆಗೂ ಊರಿಗೂ ಅಂದಿನಿಂದ ಒಂದು ನಂಟು ಬೆಳೆಯಿತೆಂದೇ ಹೇಳಬೇಕು.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಮರೆಮಾಚದೆ ಹೇಳಬೇಕು. ಈ ಸೀಮೆಯ ಪೂಜಾ ಕುಣಿತ, ಪಟದ ಕುಣಿತಗಳು ತಮಟೆಯಿಲ್ಲದೆ ಆಗುವುದಿಲ್ಲ. ತಮಟೆಯ ಪೆಟ್ಟಿಗೆ ಕುಣಿಯದ ಕಾಲಿಲ್ಲ. ಆದರೆ ತಮಟೆ ಬಾರಿಸುವ ಕೆಲಸವನ್ನು ನಮ್ಮ ಸಮಾಜ ಕೆಲವು ಕೇರಿಗಳವರ ತಲೆಗೆ ಕಟ್ಟಿ, ಬಾರಿಸಿದವರನ್ನು ದೂರ ನಿಲ್ಲಿಸಿತು. ಹೀಗಿರುವಾಗ ಕಲಾವಿದ ಶಾಲೆಗೆ ತಮಟೆ ತಂದು, ‘ಇದು ಯಾರಿಗೆ ಬರುತ್ತದೆ?’ ಎಂದು ಕೇಳಿದರೆ ಒಂದು ಮಗುವಿನ ಕಡೆಗೆ ಉಳಿದ ಮಕ್ಕಳೆಲ್ಲ ತಿರುಗಿ ನೋಡುವುದುಂಟು. ಆ ನೋಟದಲ್ಲಿ ಮೆಚ್ಚುಗೆಯೇ ಇರುತ್ತದೆಂದು ಹೇಳಲಾಗದು. ಅಪ್ಪ ಬಾರಿಸುತ್ತಾನೆ, ನೀನೂ ಬಾರಿಸು ಎಂದು ಆ ಮಗುವಿನ ಕೈಗೆ ಅದನ್ನು ಕೊಟ್ಟು, ಬಣ್ಣದ ಕುಂಚವನ್ನು ಇತರರಿಗೆ ಹಂಚಿದರೆ ಕಲೆಯ ಹೆಸರಿನಲ್ಲಿ ಹಳೆಯ ಗಾಯವನ್ನೇ ಕೆದಕಿದಂತೆ. ತಮಟೆ ಎಲ್ಲರ ಕೈಗೂ ಬರಲಿ. ಊರಗೌಡರ ಮಗನೂ ಹಿಡಿಯಲಿ, ಹೆಣ್ಣುಮಕ್ಕಳೂ ಹಿಡಿಯಲಿ. ಬಾರಿಸಬಲ್ಲ ಹಿರಿಯರನ್ನು ಶಾಲೆಗೆ ಕರೆಸಿ, ಕುರ್ಚಿ ಹಾಕಿ ಕೂರಿಸಿ, ‘ಗುರುಗಳೇ’ ಎಂದು ಕರೆದು ಕಲಿಯಲಿ. ಆಗ ಆ ಮನೆಯ ಮಗು ತಲೆಯೆತ್ತಿ ಕೂರುತ್ತದೆ. ಮೂರು ದಿನದಲ್ಲಿ ಏನಾದೀತು ಎಂದು ಕೇಳಿದೆವಲ್ಲ. ಇಷ್ಟು ಆದರೆ ಮೂರು ದಿನ ಸಾರ್ಥಕ.

ಇಂಥ ಶಿಬಿರಗಳಿಗೆ ಕನ್ನಡದಲ್ಲಿ ‘ಕಮ್ಮಟ’ ಎಂಬ ಮಾತು ರೂಢಿಗೆ ಬಂದಿದೆ. ಒಳ್ಳೆಯ ಹಳೆಯ ಮಾತು. ಆದರೆ ಅದರ ಮೊದಲ ಅರ್ಥ ಟಂಕಸಾಲೆ, ನಾಣ್ಯ ಹೊಡೆಯುವ ಸ್ಥಳ. ಟಂಕಸಾಲೆಯಲ್ಲಿ ಒಂದು ನಾಣ್ಯ ಇನ್ನೊಂದರಂತೆ ಇರದಿದ್ದರೆ ಅದು ಖೋಟಾ. ಮಕ್ಕಳ ಕಮ್ಮಟದಲ್ಲಿ ಮೂವತ್ತು ನಾಣ್ಯಗಳೂ ಒಂದೇ ಬಗೆಯಾಗಿದ್ದರೆ, ಖೋಟಾ ಎಂದು ಅನುಮಾನಿಸಬೇಕಾದದ್ದು ಆವಾಗಲೇ.

ಈ ಅನುಮಾನಕ್ಕೆ ಎಡೆಮಾಡುವುದು ಕೊನೆಯ ದಿನದ ಪ್ರದರ್ಶನ. ಮೂರನೆಯ ದಿನ ಸಂಜೆ ಅತಿಥಿಗಳು ಬರುತ್ತಾರೆ, ಹಾರ ಬರುತ್ತದೆ, ಫೋಟೋ ಆಗಬೇಕು. ಪಾಪ, ಕಲಾವಿದನಿಗೂ ಹೆದರಿಕೆ. ಚೆನ್ನಾಗಿ ಕಾಣದಿದ್ದರೆ ಮುಂದಿನ ಸಲ ಕರೆಯುವವರು ಯಾರು? ಆದುದರಿಂದ ಎರಡನೆಯ ದಿನ ಮಧ್ಯಾಹ್ನದಿಂದಲೇ ಆಟ ನಿಂತು ಕವಾಯತು ಶುರುವಾಗುತ್ತದೆ. ಚೆನ್ನಾಗಿ ಹಾಡುವ ಹುಡುಗಿ ಮುಂದಕ್ಕೆ, ತೊದಲುವ ಹುಡುಗ ಹಿಂದಕ್ಕೆ. ಮಕ್ಕಳು ಬರೆದ ಚಿತ್ರಗಳನ್ನು ದೊಡ್ಡವರು ತಿದ್ದುತ್ತಾರೆ. ಸ್ಪರ್ಧೆಗಳಲ್ಲಿಯೂ ಇದೇ ಕತೆ. ಗೆದ್ದ ಒಂದು ಮಗುವಿಗೆ ಬಹುಮಾನದ ತಟ್ಟೆ. ಉಳಿದ ಮಕ್ಕಳಿಗೆ, ‘ನನಗೆ ಬರುವುದಿಲ್ಲ’ ಎಂಬ ಪಾಠ. ಪ್ರದರ್ಶನವೇ ಬೇಡವೆಂದು ನಾನು ಹೇಳಲಾರೆ. ಊರವರು ನೋಡಬೇಕು, ಸಂತೋಷಪಡಬೇಕು. ಆದರೆ ಅದು ಮಾಡಿದ ಕೆಲಸವನ್ನು ತೋರಿಸುವ ಬಾಗಿಲಾಗಿರಲಿ. ಕೆಲಸವೆಲ್ಲ ಆ ಬಾಗಿಲಿಗಾಗಿಯೇ ನಡೆಯುವುದು ಬೇಡ. ತೊದಲುವ ಹುಡುಗನಿಗೆ ಮುಂದಿನ ಸಾಲಿನಲ್ಲಿ ಜಾಗ ಸಿಗುವ ಪ್ರದರ್ಶನ ಎಲ್ಲಕ್ಕಿಂತ ದೊಡ್ಡದು.

ಹಾಗಾದರೆ ಮೂರು ದಿನದ ಮೇಷ್ಟರು ಹೋದ ಮೇಲೆ ಏನು ಉಳಿಯಬೇಕು? ನನ್ನ ಎಣಿಕೆಯಲ್ಲಿ ಮೂರು ವಸ್ತುಗಳು.

ಮೊದಲನೆಯದು, ಶಾಲೆಯ ಉಪಾಧ್ಯಾಯರ ಕೈಯಲ್ಲಿ ಒಂದು ಆಟ. ಕಲಾವಿದರು ಬಂದ ದಿನ ಉಪಾಧ್ಯಾಯರು, ‘ಅಂತೂ ಮೂರು ದಿನ ಬಿಡುವು’ ಎಂದು ಹಾಜರಿ ಪುಸ್ತಕ, ಮಧ್ಯಾಹ್ನದ ಊಟದ ಲೆಕ್ಕ ಮುಂತಾದ ಬಾಕಿ ಕೆಲಸಗಳನ್ನು ತೆಗೆದುಕೊಂಡು ಕೂರುವುದು ಸಹಜ. ಅವರ ಮೇಲಿರುವ ಹೊರೆ ಬಲ್ಲವರು ಅವರನ್ನು ದೂರಲಾರರು. ಆದರೂ ಅವರು ಹೊರಗೆ ಉಳಿದರೆ ಕಲೆ ಬಸ್ಸು ಹತ್ತಿ ಹೋಗಿಯೇಬಿಡುತ್ತದೆ. ಮಕ್ಕಳೊಡನೆ ಉಪಾಧ್ಯಾಯರೂ ನೆಲದ ಮೇಲೆ ಕುಳಿತು ಮಣ್ಣು ಕಲಸಲಿ. ಚೆನ್ನಾಗಿ ಬಾರದಿದ್ದರೆ ಇನ್ನೂ ಒಳ್ಳೆಯದು. ತಮ್ಮ ಮೇಷ್ಟರಿಗೂ ಎಲ್ಲವೂ ಬರುವುದಿಲ್ಲ ಎಂದು ಕಂಡ ಮಕ್ಕಳಿಗೆ ಧೈರ್ಯ ಹೆಚ್ಚುತ್ತದೆ. ಕಲಾವಿದರು ಹತ್ತು ಆಟ ತೋರಿಸಿ ಹೋಗುವುದಕ್ಕಿಂತ, ಉಪಾಧ್ಯಾಯರು ಒಬ್ಬರೇ ನಡೆಸಬಲ್ಲ ಒಂದು ಆಟವನ್ನು ಬಿಟ್ಟುಹೋಗುವುದು ಮೇಲು.

ಎರಡನೆಯದು, ಶಾಲೆಯಲ್ಲಿ ಒಂದು ಪೆಟ್ಟಿಗೆ. ಅದಕ್ಕೆ ಬೀಗ ಬೇಡ. ಅದರಲ್ಲಿ ಕತ್ತರಿ, ದಾರ, ಹಳೆಯ ಬಟ್ಟೆ, ತೂತು ಬಿದ್ದ ರೇಷ್ಮೆಗೂಡು, ಗೊಂಬೆಯ ಮನೆಯಿಂದ ತಂದ ಮರದ ಚೂರು, ಇಟ್ಟಿಗೆಯ ಪುಡಿ, ಇದ್ದಿಲು, ಅರಿಸಿನ. ಬೆಲೆಬಾಳುವ ಬಣ್ಣದ ಡಬ್ಬಿಗಳನ್ನು ದಾನ ಕೊಟ್ಟರೆ, ಖರ್ಚಾಗುತ್ತದೆಂದು ಬೀರುವಿನಲ್ಲಿಟ್ಟು ಬೀಗ ಹಾಕುವ ಶಾಲೆಗಳುಂಟು. ಹೀಗೆ ತಾನೇ ತುಂಬಿಕೊಳ್ಳುವ ಪೆಟ್ಟಿಗೆಗೆ ಆ ಭಯವಿಲ್ಲ.

ಮೂರನೆಯದು, ಊರಿನಲ್ಲಿ ಒಬ್ಬ ನೆಂಟ. ಕುಂಬಾರನೋ, ಗೊಂಬೆ ಕಡೆಯುವವನೋ, ಸೋಬಾನೆ ಬಲ್ಲ ಅಜ್ಜಿಯೋ, ಹಾರ್ಮೋನಿಯಂ ಮೇಷ್ಟರೋ, ಯಾರಾದರೂ ಒಬ್ಬರು, ತಿಂಗಳಿಗೊಮ್ಮೆ ಶಾಲೆಗೆ ಬರುವಂತಾಗಬೇಕು. ಊರಿನ ಕುಶಲಿಗಳನ್ನು ಶಾಲೆಗೆ ಗುರುಗಳಾಗಿ ಕರೆಯಬೇಕೆಂದೂ, ಆರರಿಂದ ಎಂಟನೆಯ ತರಗತಿಯ ಮಕ್ಕಳು ವರ್ಷದಲ್ಲಿ ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ಕಲಾವಿದರ ಬಳಿ ಕಲಿಯಬೇಕೆಂದೂ ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಆ ನೀತಿಯ ಇತರ ಸಂಗತಿಗಳ ಬಗ್ಗೆ ನಮ್ಮ ರಾಜ್ಯದಲ್ಲಿ ವಾದವಿವಾದಗಳು ಏನೇ ಇರಲಿ, ಈ ಒಂದು ಮಾತಿಗೆ ವಿರೋಧ ಹೇಳುವವರು ಕಡಮೆ. ಮೂರು ದಿನದ ಮೇಷ್ಟರ ಹೆಚ್ಚಿನ ಕೆಲಸ ಈ ನೆಂಟನನ್ನು ಹುಡುಕಿಕೊಡುವುದೇ. ಹುಡುಗಿಯನ್ನು ತೋರಿಸಿ, ಮದುವೆ ಮಾಡಿಸಿ, ಊಟ ಮಾಡಿ ಹೊರಟುಹೋಗುವ ಶಾಸ್ತ್ರಿಗಳಂತೆ ಅವರು ಇದ್ದರೆ ಸಾಕು. ಸಂಸಾರ ಮಾಡಬೇಕಾದವರು ಶಾಲೆಯೂ ಊರೂ.

ತಂದೆತಾಯಿಗಳ ಒಂದು ಆಕ್ಷೇಪವಿದೆ. ‘ನಮ್ಮ ಹುಡುಗ ಓದು ಬರಹ ಕಲಿತು ನೌಕರಿ ಹಿಡಿಯಲಿ ಅಂತ ಸ್ಕೂಲಿಗೆ ಕಳಿಸಿದರೆ, ಇವರು ತಮಟೆ ಬಾರಿಸಿ ಮಣ್ಣು ಮೆತ್ತಿಸುತ್ತಾರಲ್ಲ! ಮಣ್ಣು ನಮ್ಮ ಮನೆಯಲ್ಲೇ ಬೇಕಾದಷ್ಟಿದೆ’ ಎಂದು ಅವರು ಹೇಳಿದರೆ ನಗುವಂತಿಲ್ಲ. ಕಷ್ಟಪಟ್ಟು ದುಡಿದವರ ಮಾತು ಅದು. ಪೇಟೆಯ ಮಕ್ಕಳು ಸಂಗೀತಕ್ಕೆ, ಭರತನಾಟ್ಯಕ್ಕೆ, ಚಿತ್ರಕ್ಕೆ ಸಂಬಳ ಕೊಟ್ಟು ಹೋಗುವುದನ್ನು ಅವರು ಕಂಡಿಲ್ಲವೆ? ಕಂಡಿದ್ದಾರೆ. ತಮ್ಮ ಮಕ್ಕಳಿಗೆ ಅದು ಎಟುಕದೆಂದು ಸುಮ್ಮನಿದ್ದಾರೆ, ಅಷ್ಟೆ. ಅವರಿಗೆ ಮಾತಿನ ಉತ್ತರ ಬೇಡ. ಶಾಲೆಯಲ್ಲಿ ಬಾಯಿಬಿಡದ ತಮ್ಮ ಮಗಳು ಗೊಂಬೆಯ ಮರೆಯಲ್ಲಿ ನಿಂತು ಗೊಂಬೆಯ ಬಾಯಿಂದ ಗಟ್ಟಿಯಾಗಿ ಮಾತಾಡುವುದನ್ನು ಅವರು ಒಮ್ಮೆ ಕೇಳಲಿ. ಮಾತು ಬಂದ ಮಗುವಿಗೆ ಓದೂ ಹತ್ತಿರವಾಗುತ್ತದೆ.

ಈಗ ರೇಡಿಯೊ ಮುಂದೆ ಕುಳಿತಿರುವ ಪೇಟೆಯ ಮನೆಯವರಾದ ನಿಮಗೆ ಒಂದು ಸೂಚನೆ. ನಿಮ್ಮ ಬಡಾವಣೆಯ ಗಣಪತಿ ಉತ್ಸವಕ್ಕೆ, ನಿಮ್ಮ ಸಂಘದ ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುತ್ತೀರಿ. ಬಂದವರು ಎರಡು ಗಂಟೆ ಹಾಡಿ, ಕುಣಿದು, ಶಾಲು ಹೊದ್ದು ಹೋಗುತ್ತಾರೆ. ಅವರನ್ನು ಇನ್ನೂ ಎರಡು ದಿನ ಉಳಿಸಿಕೊಳ್ಳಿ. ಹತ್ತು ಮೈಲಿಯಾಚೆಯ ಒಂದು ಚಿಕ್ಕ ಶಾಲೆಗೆ ಅವರನ್ನು ಕಳುಹಿಸುವ ಖರ್ಚನ್ನು ಉತ್ಸವದ ಲೆಕ್ಕದಲ್ಲೇ ಸೇರಿಸಿ. ಆ ಖರ್ಚಿನಲ್ಲಿ ಕಲಾವಿದರ ಸಂಭಾವನೆ ಮೊದಲನೆಯ ಬಾಬ್ತಾಗಿರಲಿ; ಮಕ್ಕಳ ಸೇವೆಯೆಂದು ಹೇಳಿ ಬಸ್ಸಿನ ಖರ್ಚು ಮಾತ್ರ ಕೊಟ್ಟು ಕಳುಹಿಸುವ ಅಭ್ಯಾಸ ನಮ್ಮಲ್ಲಿ ಬೇಕಾದಷ್ಟಿದೆ. ಹಾರ್ಮೋನಿಯಂ ಮೇಷ್ಟರಿಗೆ ಹಳ್ಳಿಯ ಬಡವರು ಚಂದಾ ಎತ್ತಿ ಸಂಬಳ ಕೊಟ್ಟರು. ಇದ್ದಷ್ಟು ದಿನ ಊಟ ಹಾಕಿದರು. ಆ ಮರ್ಯಾದೆಗೆ ನಾವು ಕಡಮೆಯಾಗಬಾರದು. ಮರುವರ್ಷವೂ ಅದೇ ಕಲಾವಿದರನ್ನು ಅದೇ ಶಾಲೆಗೇ ಕಳುಹಿಸಿ. ಹತ್ತು ಊರಿಗೆ ಒಂದು ಸಲ ಹೋಗುವುದಕ್ಕಿಂತ ಒಂದು ಊರಿಗೆ ಹತ್ತು ಸಲ ಹೋದವರ ಪಾಠ ಬೇರೂರುತ್ತದೆ. ಎರಡನೆಯ ಸಲ ಅವರು ಹೋದಾಗ ಆ ಪೆಟ್ಟಿಗೆಯನ್ನು ತೆರೆದು ನೋಡಲಿ. ದಾರ ಮುಗಿದಿದ್ದರೆ, ಕತ್ತರಿ ಮೊಂಡಾಗಿದ್ದರೆ, ಇದ್ದಿಲು ಸವೆದಿದ್ದರೆ, ತಾವು ಇಲ್ಲದ ದಿನಗಳಲ್ಲೂ ಪಾಠ ನಡೆದಿದೆ ಎಂದು ತಿಳಿಯಲಿ.